ಮತ್ತೆ ಯಾರು?

ಹೆಸರು ಕೇಳಿದ ನಾಕಾಬಂದಿಯ ಹುಡುಗ.
ಮೀಸೆ ಇನ್ನೂ ಬಲಿತಿರಲಿಲ್ಲ, ಬಂದೂಕು ಬಲಿತಿತ್ತು.
ವಾಮನ, ಎಂದೆ.
ಅವನ ಕಿವಿಯಲ್ಲದು ಒಡೆದು ಎರಡಾಯಿತು: ವ, ಮನ್.
‘ಮತ್ತೆ ಯಾರು?’ ಎಂದರ್ಥ ಅವರ ಮಾತಲ್ಲಿ.
ನಾನು ಕೇಳಿದರೆ ನನ್ನನ್ನೇ ಕೇಳುತ್ತೀಯಾ?
ಹಿಂದಿದ್ದವರು ನಕ್ಕರು. ನಾನೂ ನಕ್ಕೆ.
ಆ ಆಗಸ್ಟಿನಲ್ಲಿ ನಗುವೂ ಒಂದು ಗುರುತಿನ ಚೀಟಿ.

ಹೆಜಮಾಡಿಯ ಕರ್ಕೇರ ನಾನು, ಫಹಾಹೀಲಿನ ಮೀನುಕಟ್ಟೆಯಲ್ಲಿ
ಹನ್ನೊಂದು ವರ್ಷ ತಕ್ಕಡಿ ಹಿಡಿದವ.
ಅರಬ್ಬಿ ಕಲಿತದ್ದು ಚೌಕಾಸಿಯಲ್ಲಿ:
ಬೈಗುಳ ಮೊದಲು, ಲೆಕ್ಕ ಆಮೇಲೆ, ವ್ಯಾಕರಣ ಇವತ್ತಿಗೂ ಇಲ್ಲ.
ಅಷ್ಟೇ ಸಾಕಾಯಿತು ಅವರಿಗೆ. ಜೀಪಿನ ಹಿಂಬದಿಯಲ್ಲಿ
ಪೆಟ್ರೋಲ್ ಕ್ಯಾನುಗಳ ನಡುವೆ
ಒಂದು ಬಾಯಿಗೆ ಜಾಗವಾಯಿತು.

ಮನೆಯಿಂದ ಮನೆಗೆ.
ಹೊಸದಾಗಿ ಬಂದಿದ್ದ ಮಲಬಾರಿ ಡ್ರೈವರನ ಬದಲಿಗೆ ‘ನಾನು’ ಎಂದೆ,
ಕಾರಿನ ಕೀಲಿ ನನ್ನ ಹತ್ತಿರ ಇಲ್ಲ, ಎಂದೆ.
ಸಿಲೋನಿನ ಆಯಾಳ ಬದಲಿಗೆ ‘ನಾನು’ ಎಂದೆ,
ಊರಲ್ಲಿ ನನಗೆ ಮೊಲೆಕೂಸಿದೆ, ಎಂದೆ
ಈ ಮೀನು ನಾರುವ ಎದೆ ಮುಟ್ಟಿಕೊಂಡು.
ಯಾರೂ ನಗಲಿಲ್ಲ.

ರಾತ್ರಿ ಕೋಣೆಯಲ್ಲಿ ಬಾಯಿ ಮುಕ್ಕಳಿಸಿ
ಗೋಡೆಗೆ ಮುಖ ಮಾಡಿ ತುಳುವಿನಲ್ಲಿ ಹೇಳಿ ನೋಡಿದೆ: ಯಾನ್.
ಪಕ್ಕದ ಮಂಚದ ಭಟ್ಕಳದ ಮುಜಮ್ಮಿಲ್
ಏನಂತೆ? ಎಂದ.
‘ನಾನು’ ಅಂತೆ, ಎಂದೆ.

ಆಮೇಲೆ ಕಡಪದ ಓಬುಲಮ್ಮ, ದೊಡ್ಡ ಮನೆಯೊಂದರ ಅಡುಗೆಯವಳು.
ಒಳಗೆ ಯಾರಿದ್ದಾರೆ ಕೇಳು, ಎಂದ ಅಧಿಕಾರಿ.
ಅವಳು ಸೆರಗಿಗೆ ಕೈ ಒರೆಸುತ್ತ, ಸೊಪ್ಪಿನ ದರ ಹೇಳುವಷ್ಟು ಸಲೀಸಾಗಿ,
ತೆಲುಗಲ್ಲಿ:
ಮೆಟ್ಟಿಲ ಕೆಳಗೆ, ಅಕ್ಕಿಚೀಲದ ಹಿಂದೆ, ಯಜಮಾನರ ಹುಡುಗ.
ಹೇಳಬೇಡಪ್ಪಾ, ನಿನ್ನ ಕಾಲಿಗೆ ಬೀಳುತ್ತೇನೆ.
ಎಲ್ಲರೂ ನನ್ನತ್ತ ತಿರುಗಿದರು.
ಅನಾ ವಹ್ದಿ, ಎಂದೆ. ನಾನು ಒಬ್ಬಳೇ.

ಆ ಮಾತಿಗೆ ಅವರಲ್ಲಿ ಹೆಣ್ಣುಗಂಡಿಲ್ಲ,
ನಾನು ಒಬ್ಬನೇ ಎಂದೂ ಆಗುತ್ತದೆ.
ಆ ಏಳು ತಿಂಗಳಲ್ಲಿ ನನ್ನ ಬಗ್ಗೆ ಆಡಿದ ಒಂದೇ ನಿಜ
ಹಾಗೆ, ಸುಳ್ಳೊಂದರ ಹೊಟ್ಟೆಯಲ್ಲಿ.

ಒಂಬತ್ತು ವರ್ಷದ ಮೇಲೆ, ಅದೇ ಕಟ್ಟೆ.
ದರ ಕೂಗುತ್ತ ಮಾಂಜಿ ತೂಗುತ್ತಿದ್ದೆ.
ಬಿಳಿ ನಿಲುವಂಗಿಯ ಯುವಕನೊಬ್ಬ ನಿಂತುಬಿಟ್ಟ.
ನಿನ್ನ ದನಿ ಗೊತ್ತು ನನಗೆ, ಎಂದ,
ಅಕ್ಕಿಯ ವಾಸನೆಯೊಡನೆ ಬರುತ್ತದೆ ಅದು.
ಯಾರೂ ಇಲ್ಲವೆಂದವ ನೀನಲ್ಲವೇ?

ಹೇಳಿದವಳು ಅವಳು, ಎಂದೆ. ನಾನು ದಾಟಿಸಿದೆ, ಅಷ್ಟೇ.

ಹೆಸರು?
ತಕ್ಕಡಿಯ ಮುಳ್ಳು ಇನ್ನೂ ಆಡುತ್ತಿತ್ತು.
ಹೇಳಿದೆ.
ಅದನ್ನವನು ಪ್ರಶ್ನೆಯೆಂದುಕೊಂಡು
ಮಿಶಾರಿ, ಎಂದ.