ಕೊಸರು

'ಕೋರಂ ಇತ್ತು. ನಿರ್ಣಯ ಆಗಲಿಲ್ಲ.'
ಒಂಬತ್ತು ವರ್ಷ ಈ ಒಂದೇ ಸಾಲನ್ನು
ತಾರೀಖು ಬದಲಿಸಿ ಬದಲಿಸಿ ಬರೆದವನು ನಾನು,
ದಾವಣಗೆರೆಯ ಮುರಿಗೆಪ್ಪ ಜಿನ್ನಿಂಗ್ ಪ್ರೈವೇಟ್ ಲಿಮಿಟೆಡ್ಡಿನ
ಗುಮಾಸ್ತ ಓಬಳೇಶ.

ಮೇಜಿನ ಈ ಕಡೆ ಅಣ್ಣ ಮಹಾರುದ್ರಪ್ಪ,
ಆ ಕಡೆ ತಮ್ಮ ಕೊಟ್ರಬಸಪ್ಪ.
ಪ್ರೆಸ್ಸಿಗೆ ಹೊಸ ಪಂಪು? ಆ ಕಡೆಯಿಂದ ಉಹೂಂ.
ಹಳೇದನ್ನೇ ರಿಪೇರಿ? ಈ ಕಡೆಯಿಂದ ಉಹೂಂ.
ಚೆಕ್ಕಿಗೆ ಇಬ್ಬರದೂ ಸಹಿ ಬೇಕೆಂದು ಬ್ಯಾಂಕು ಹಟ ಹಿಡಿದ ತಿಂಗಳು
ಕರೆಂಟು ಬಿಲ್ಲು ನನ್ನ ಜೇಬಿನಿಂದ ಹೋಯಿತು.
ನಾಲ್ಕು ಗಂಟೆಗೆ ನರ್ಗೀಸ್ ಮಂಡಕ್ಕಿ, ಮೆಣಸಿನಕಾಯಿ ತಪ್ಪುತ್ತಿರಲಿಲ್ಲ:
ಎರಡು ಪೊಟ್ಟಣ, ಎರಡು ಅಂಗಡಿಯಿಂದ.
ಸೈರನ್ ಯಾರ ಕಡೆಯ ಆಳು ಒತ್ತಬೇಕು,
ಅಜೆಂಡಾದಲ್ಲಿ ಏಳನೇ ವಿಷಯ.
ಸೈರನ್ನೇ ಸುಮ್ಮನಾಯಿತು.
ಹಿಂದಿನ ಓಣಿಯವರು ಗಡಿಯಾರ ಕೊಂಡರು.

ದೊಡ್ಡ ಯಜಮಾನರ ಕಾಲ ಹೀಗಿರಲಿಲ್ಲ.
ಎಮ್ಮೆ ಕಟ್ಟಿದವರಿಗೆ ಹತ್ತಿಕಾಳು ತೂಗುವಾಗ
ಮುಳ್ಳು ನೆಟ್ಟಗೆ ನಿಂತ ಮೇಲೂ
ಒಂದು ಬೊಗಸೆ ಎತ್ತಿ ಸುರಿಯೋರು.
'ಸಮ ತೂಗಿದ್ರೆ ಲೆಕ್ಕ ಅಲ್ಲಿಗೇ ಮುಗೀತದಲೆ,
ಕೊಸರು ಹಾಕಿದ್ರೆ ನಾಳೆ ಮತ್ತೆ ಬರ್ತಾರೆ.'
ಅಂಥವರು ಮಕ್ಕಳಿಗೆ ತೂಗಿದ್ದು
ಐನೂರು ಷೇರು, ಐನೂರು ಷೇರು.
ಮುಳ್ಳು ನಿಂತೇಬಿಟ್ಟಿತು.

ಆದೇಶ ಮೊಬೈಲಿಗೇ ಬಂತು, ನಲವತ್ತೊಂದು ಪುಟ.
ಕಂಪನಿಗೆ ಸಾಲವಿಲ್ಲ, ಯಂತ್ರಕ್ಕೆ ತುಕ್ಕಿಲ್ಲ,
ಆದರೂ ಮುಚ್ಚುವುದೇ ನ್ಯಾಯ, ಮುಚ್ಚುವುದೇ ಸಮಂಜಸ
ಎಂದು ಬರೆದಿದ್ದರು ನ್ಯಾಯಮಂಡಳಿಯವರು.
ಓದಿ ಓದಿ ನೋಡಿದೆ, ತಪ್ಪು ಸಿಗಲಿಲ್ಲ.
ಕೊನೆಯ ಪುಟದಲ್ಲಿ: ವಿಸರ್ಜನೆ.
ಆ ಮಾತು ಗಣಪತಿಗೆ ಮಾತ್ರ ಅಂದುಕೊಂಡಿದ್ದೆ.
ಭದ್ರಾ ಕಾಲುವೆಗೆ ಇಳಿಸುವಾಗ
ಮುಂದಿನ ವರ್ಷ ಬಾ ಅಂತಾದರೂ ಕೂಗುತ್ತಾರೆ.

ಬೆಂಗಳೂರಿನಿಂದ ಲಿಕ್ವಿಡೇಟರ್ ಬಂದರು.
ಜೊತೆಗೊಬ್ಬ ಹುಡುಗಿ, ಪಟ್ಟಿ ಬರೆಯುವವಳು,
ಮಧ್ಯಾಹ್ನದ ಹೊತ್ತಿಗೆ ಅವಳ ಹುಬ್ಬಿಗೂ ಹತ್ತಿ ಹತ್ತಿತ್ತು.
ಜಿನ್ನು ಹದಿನೆಂಟು. ಸೈರನ್ನು ಒಂದು.
ಹಳೇ ತಕ್ಕಡಿ ಒಂದು, ಐದು ಕೇಜಿ ಬಟ್ಟು ಕಾಣೆ.
ಅಣ್ಣ ಪ್ರತಿ ಹಾಳೆಗೂ ಸಹಿ ಹಾಕಿದ.
ತಮ್ಮನ ಪೆನ್ನು ಮೂರನೇ ಹಾಳೆಗೆ ಕೈಕೊಟ್ಟಿತು.
ಜಾಡಿಸಿದ, ಊದಿದ, ಅಂಗೈಗೆ ಗೀಚಿದ.
ಅಣ್ಣ ತನ್ನ ಪೆನ್ನು ದಬ್ಬಿದ, ಮುಖ ನೋಡದೆ.
ತಮ್ಮ ಎತ್ತಿಕೊಂಡ.
ಅಭ್ಯಾಸಬಲ, ಮಿನಿಟ್ಸ್ ಪುಸ್ತಕಕ್ಕೆ ಕೈ ಚಾಚಿದೆ.
ಅದಕ್ಕೆ ಆಗಲೇ ಅರಗು ಬಿದ್ದಿತ್ತು.

ಒಂದು ಮಾತು ಯಾವ ಪುಸ್ತಕದಲ್ಲೂ ಇಲ್ಲ.
ಆಡಿಟರು ಹೋದ ಒಂದು ಸಂಜೆ ಯಜಮಾನರು ಕೇಳಿದ್ದರು:
'ಸಾವಿರದ ಮೇಲೊಂದು ಷೇರು
ನಿನ್ನ ಹೆಸರಿಗೆ ಬರೆಸ್ಲೇನಲೇ ಓಬಳೇಶಿ?
ಹುಡುಗ್ರು ಜಗಳಾಡಿದ್ರೆ ನೀನೊಂದು ಕೈ ಎತ್ತು.'
ಹತ್ತು ರೂಪಾಯಿ ಮುಖಬೆಲೆ.
ಬಾಗಿಲಾಚೆ ಚಪ್ಪಲಿ ಬಿಟ್ಟು ನಿಂತಿದ್ದೆ.
'ನಂಗ್ಯಾಕ್ರಿ ಯಜಮಾನ್ರೆ, ಪಗಾರ ಸಾಕು' ಅಂದೆ.
ಅವರು ಕನ್ನಡಕ ಒರೆಸಿಕೊಂಡರು.
ಎರಡನೇ ಸಲ ಕೇಳಲಿಲ್ಲ.

'ಈ ಕುರ್ಚಿ ಕಂಪನಿದಾ ಅಂಕಲ್?' ಅಂದಳು ಹುಡುಗಿ.
ಎದ್ದೆ. ಇನ್ನೂರ ಹದಿನಾಲ್ಕು ಅಂತ ಚೀಟಿ ಅಂಟಿಸಿದಳು.
ಮೇಲಿನ ದಿಂಬು ನನ್ನ ಹೆಂಡತಿ ಹೊಲಿದದ್ದು,
ಒಳಗಿನ ಹತ್ತಿ ಮಾತ್ರ ಇಲ್ಲಿಯದು,
ನೆಲದಲ್ಲಿ ಬಿದ್ದದ್ದು, ಯಜಮಾನರೇ ತಗೋ ಅಂದದ್ದು.
ಬರೆದುಕೋ ಎನ್ನಲೋ ಬೇಡ ಎನ್ನಲೋ ತಿಳಿಯದೆ
ಕಂಕುಳಲ್ಲಿ ಹಿಡಿದು ನಿಂತೆ.
ಅವಳು ಇನ್ನೂರ ಹದಿನೈದಕ್ಕೆ ಹೋದಳು.