ಇತ್ತ್

ನನ್ನ ಕೆಲಸ ಕಡಲ ತಳ ಕಾಯುವುದು.
ನಗಬೇಡಿ. ಐಮಂಗಲದಿಂದ ಒಳಕ್ಕೆ ತಿರುಗಿದರೆ
ಮರಡಿಹಳ್ಳಿ. ಜಾಲಿ, ಕುರಿಹಿಕ್ಕೆ, ತಂತಿಬೇಲಿ,
ಬೇಲಿಯೊಳಗೆ ಕರೀ ಬಂಡೆ,
ಬಿಸಿಬಿಸಿ ಮುದ್ದೆ ಕಟ್ಟಿ ಕಟ್ಟಿ
ಒಂದರ ಮೇಲೊಂದು ಇಟ್ಟು ಹೋದಂತೆ,
ಉಣ್ಣುವವರು ಬಾರದೆ ಹಾಗೇ ಆರಿ ಕಲ್ಲಾದಂತೆ.

ಬೋರ್ಡಿನಲ್ಲಿ ದಿಂಬು ಎಂದಿದೆ.
ಮುದ್ದೆ ಉಂಡವರು ಬರೆದದ್ದಲ್ಲ.
ಇನ್ನೂರೈವತ್ತು ಕೋಟಿ ವರ್ಷ ಎಂದೂ ಇದೆ;
ಸೊನ್ನೆ ಎಣಿಸಲು ಬರುತ್ತದೆ ನನಗೆ, ನಂಬಲು ಬರುವುದಿಲ್ಲ.
ಸಮುದ್ರದಡಿ ಬೆಂಕಿ ಉಕ್ಕಿತಂತೆ,
ನೀರು ಸೋಕಿದ್ದೇ ಉಂಡೆ ಕಟ್ಟಿತಂತೆ.
ಕಾಲೇಜು ಹುಡುಗರಿಗೆ ಇಷ್ಟು ಹೇಳುತ್ತೇನೆ,
ಸುತ್ತಿಗೆ ಕಸಿದುಕೊಳ್ಳುತ್ತೇನೆ.
ಕಡಲನ್ನು ಮಾತ್ರ ಕಂಡವನಲ್ಲ.
ನಮಗೆ ಸಾಗರ ಅಂದರೆ ಮಾರಿಕಣಿವೆ,
ಅದೂ ಒಂದೇ ಸಲ, ಮದುವೆಯಾದ ವರ್ಷ.

ಒಂದು ದಿನ ಕುಂದಾಪುರದ ಹಂಚಿನ ಲಾರಿ ಬಂತು.
ಹಂಚು ಇಳಿಸುವ ತನಕ ಹೊತ್ತು ಹೋಗದ ಮುದುಕ,
ಡ್ರೈವರನ ಮಾವ, ಶೀನ ಮೊಗವೀರ,
ಬೇಲಿಯ ಬಳಿ ಬಂದು ನಿಂತ.
ಎಪ್ಪತ್ತು ದಾಟಿದ ಒಣಕಲು ಮೈ, ಕಾಲು ಮಾತ್ರ
ನೆಲವನ್ನು ನಂಬದವನ ಹಾಗೆ ಅಗಲ ಊರಿದ್ದ.

ಭೇಟಿಪುಸ್ತಕ ಕೊಟ್ಟೆ. ಊರು: ಬಸ್ರೂರು.
ಕಸುಬು: ಮಂಜಿಯ ತಾಂಡೇಲ, ಎಂದು ಬರೆದ,
ಹೊಡೆದು ಹಾಕಿದ,
ಮತ್ತೆ ಪಕ್ಕದಲ್ಲಿ ಅದನ್ನೇ ಬರೆದ.

ಕಲ್ಲ ಮೇಲೆ ಕೂತು ತನ್ನೂರ ಸುದ್ದಿ ತೆಗೆದ.
ಇದೇ ಹಂಚು, ಹಾಯಿ ಬಿಚ್ಚಿ ಮುಂಬಯಿಗೆ ಹನ್ನೊಂದು ದಿನ,
ಗಾಳಿ ಬಿದ್ದರೆ ಇಪ್ಪತ್ತು.
ಅದಕ್ಕೂ ಹಿಂದೆ ಅಕ್ಕಿಗೆಂದು ದೂರದೇಶದ ಹಡಗು
ಹೊಳೆಯೊಳಗೇ ನುಗ್ಗಿ ಬರುತ್ತಿತ್ತಂತೆ,
ಅಜ್ಜ ಹೇಳಿದ್ದು; ಅಜ್ಜನೂ ಕೇಳಿದ್ದು, ಕಂಡದ್ದಲ್ಲ.
ಮಂಡಿಕೇರಿಗೆ ಈಗ ನಡುಹಗಲಲ್ಲೂ ನಿದ್ದೆ.
ಧಕ್ಕೆಗೆ ಹೂಳು. ಹಡಗಿನ ಹಗ್ಗ ಸುತ್ತುತ್ತಿದ್ದ ಕಲ್ಲಿಗೆ
ಯಾರದೋ ಎಮ್ಮೆ.
ಊರು ನೋಡಲು ಬಂದವರು, ಬಂದರು ಎಲ್ಲಿ ಎಂದರೆ
ಎಮ್ಮೆ ತೋರಿಸುತ್ತೇನೆ ಎಂದ.

ನಾನು ನಕ್ಕೆ. ಅವನು ನಗಲಿಲ್ಲ.
ಬಗ್ಗಿ, ಎರಡು ಉಂಡೆ ಕೂಡುವ ಸಂದಿಗೆ
ಬೆರಳಿಟ್ಟು ಉಜ್ಜಿ ನಾಲಗೆಗೆ ಹಚ್ಚಿಕೊಂಡ.
ಮುಟ್ಟಬಾರದು ಎಂಬ ಬೋರ್ಡು ಅವನ ಬೆನ್ನಿಗಿತ್ತು,
ನಾನೂ ಅದರ ಹಿಂದೆಯೇ ಇದ್ದೆ ಅನ್ನಿ.

ಹ್ವಾಯ್, ಇಲ್ಲ್ ಕಡ್ಲ್ ಇತ್ತ್.

ಹೌದಜ್ಜ, ಇತ್ತು ಎಂದೆ,
ಇನ್ನೂರೈವತ್ತು ಕೋಟಿ ವರ್ಷದ ಹಿಂದೆ
ಎಂದು ಪಾಠ ಒಪ್ಪಿಸಲು ಹೊರಟೆ.
ಕೈ ಎತ್ತಿ ತಡೆದ, ದೋಣಿ ನಿಲ್ಲಿಸುವಂತೆ.
ಇದ್ದಿತ್ ಅಲ್ಲ ಮರಾಯ್ರೆ. ಇತ್ತ್.

ಅಷ್ಟರಲ್ಲಿ ಹಾರ್ನು. ಮುದುಕ ಹೋದ,
ಗೇಟಿನ ಬಳಿ ಒಮ್ಮೆ ತಿರುಗಿ
ಬಂಡೆಯನ್ನಲ್ಲ, ಅದರ ಮೇಲಿನ ಬಯಲನ್ನು
ಕಣ್ಣಿಗೆ ಕೈಯಡ್ಡ ಹಿಡಿದು ನೋಡಿದ.
ಎಂಜಿನ್ ಸದ್ದಿನೊಳಗಿಂದ ಅಳಿಯ ಕೂಗಿ ಬಿಡಿಸಿದ:
ನಿಮ್ಮ ಐತೆಗೆ ನಮ್ಮಲ್ಲಿ ಇತ್ತ್ ಅಂತಾರೆ!
ಒಂದೇ ಮಾತು. ಘಟ್ಟ ಇಳಿದರೆ ಈಗ,
ಹತ್ತಿ ಬಂದರೆ ಆಗ.

ಸಂಜೆ ಪುಸ್ತಕ ತೆರೆದೆ.
ಬಂದ ಕಾರಣ ಎಂಬಲ್ಲಿ ಖಾಲಿ ಬಿಟ್ಟಿದ್ದ.
ಆಚೆ ಗುಡ್ಡಸಾಲಲ್ಲಿ ಗಾಳಿಯಂತ್ರಗಳು
ಎಲ್ಲಿಗೂ ಹೋಗದೆ ತಿರುಗುತ್ತಿದ್ದವು.
ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು
ಅದೇ ಸಂದಿಗೆ ಬೆರಳಿಟ್ಟು ನಾನೂ ನೆಕ್ಕಿದೆ.
ಧೂಳು. ಕುರಿ. ಕೊನೆಗೊಂಚೂರು ಉಪ್ಪು,
ನನ್ನ ಬೆವರಿನದೇ ಇದ್ದೀತು.
ಹದಿನಾಲ್ಕು ವರ್ಷ ಕಾದಿದ್ದೇನೆ, ರುಚಿ ನೋಡಿರಲಿಲ್ಲ.

ಬೀಗ ಹಾಕಿ ಮನೆಗೆ ಬಂದರೆ ಓಬಮ್ಮ
ಒಲೆ ಮುಂದಿಂದಲೇ ತಲೆ ಎತ್ತಿ ಕೇಳಿದಳು:
ಯಾಕೆ ಮೊಣಕಾಲ ತನಕ ಪ್ಯಾಂಟು ಮಡಿಚೀಯಾ?
ನೋಡಿಕೊಂಡೆ. ಹೌದು, ಮಡಿಚಿದ್ದೆ.