ಬೆರಕೆ

ರಾತ್ರಿ ಅವಳು ಮಲಗಿದ ಮೇಲೆ
ಅಡುಗೆಮನೆಯ ಬಾಗಿಲು ಒರಗಿಸಿ
ಕಳ್ಳಕೆಲಸಕ್ಕೆ ಕೂರುತ್ತೇನೆ:
ಹಗಲೆಲ್ಲ ಅವಳು ಬೇರೆಮಾಡಿಟ್ಟ
ಅವರೆ, ಹುರುಳಿ, ಕಾಫಿಬೀಜ
ಮತ್ತೆ ಒಂದೇ ಮೊರಕ್ಕೆ ಸುರಿದು
ಕೈಯಾಡಿಸುತ್ತೇನೆ, ಸದ್ದಾಗದ ಹಾಗೆ.

ಗ್ಯಾಸಿನ ರೆಗ್ಯುಲೇಟರು ಅಕ್ಕಿಡಬ್ಬದೊಳಗೆ.
ಬೀದಿಬಾಗಿಲ ಚಿಲಕ ಈಗ ಮೊಣಕಾಲ ಮಟ್ಟಕ್ಕೆ;
ಅವಳು ಮೇಲೇ ಹುಡುಕುತ್ತಾಳೆ.
ಮೂವತ್ತು ವರ್ಷ ಕರೆಂಟಿನ ಕಂಬ ಹತ್ತಿದವನು,
ಕುಶಾಲನಗರದ ಅರ್ಧ ಊರಿಗೆ ಬೆಳಕು ತಂದವನು,
ರವಿಕೆಯ ಹುಕ್ಕು ಹಾಕಲು ಕಲಿತದ್ದು ಹೋದ ಕಕ್ಕಡದಲ್ಲಿ.
ಅದುವರೆಗೆ ಬಿಚ್ಚಲು ಮಾತ್ರ ಬರುತ್ತಿತ್ತು ಅಂದರೆ
ಹಿಂದೆ ಆಗಿದ್ದರೆ ನಗುತ್ತಿದ್ದಳು.

ಕ್ಯೂರಿಂಗ್ ವರ್ಕ್ಸಿನ ಸೈರನ್ನು ಅವಳ ಪಾಲಿಗೆ ನಿಂತು ಎಷ್ಟೋ ಕಾಲ.
ಕುಕ್ಕರು ಕೂಗಿದರೂ ಸಾಕು,
ತಲೆಗೆ ವಸ್ತ್ರ ಕಟ್ಟಿ ಚಾಪೆಗೆ ಬರುತ್ತಾಳೆ ದೇವಕ್ಕಿ.
ಬೆರಳುಗಳು ಏನನ್ನೂ ಮರೆತಿಲ್ಲ.
ಕಪ್ಪು ಇತ್ತ, ಒಡಕು ಅತ್ತ,
ಹಣ್ಣಿನೊಳಗೆ ಎದೆಗೆದೆ ಕೊಟ್ಟು ಕೂತಿದ್ದ
ಚಪ್ಪಟೆಬೀಜ ಒಂದು ಗುಡ್ಡೆ,
ಒಂಟಿಯಾಗಿ ಬೆಳೆದು ದುಂಡಗಾದ ಪೀಬರಿ ಬೇರೆ.
ಮಗಳ ಹೆಸರು ಕೇಳಿದರೆ ಕಿಟಕಿ ನೋಡುವವಳು
ಪೀಬರಿಯನ್ನು ನೋಡದೆಯೂ ಹೆಕ್ಕುತ್ತಾಳೆ.

ನಾನು? ನಾನು ರೈಟರು.
"ಎಂತ ರೈಟ್ರೇ, ಇವತ್ತು ಬೆರಕೆ ಜಾಸ್ತಿ ಉಂಟು."
ನಿಜ. ನಿದ್ದೆ ಬಾರದೆ ಸಾಸಿವೆಯನ್ನೂ ಹಾಕಿದ್ದೆ.

ಸ್ನಾನಕ್ಕೆ ಕರೆದಾಗ ಕೆನ್ನೆಗೆ ಬಾರಿಸಿದ್ದಿದೆ.
ರೈಟರು ಸೆರಗು ಮುಟ್ಟಿದರೆ
ಇನ್ನೇನು ಮಾಡಬೇಕಿತ್ತು ಅವಳು?
ಆ ದಿನ ನಾನೂ ಕೈ ಎತ್ತಿದೆ.
ಎತ್ತಿದ ಕೈಯಲ್ಲಿ ಚೊಂಬಿತ್ತು;
ನೀರು ನನ್ನ ತಲೆಗೇ ಸುರಿದುಕೊಂಡೆ.

ಸಂಜೆ ಬಟವಾಡೆ.
ಹಳೆಯ ಡೈರಿಯಲ್ಲಿ ಅವಳ ಸಹಿ,
ಈಗ ಬರೀ 'ದೇ', ಆಮೇಲೊಂದು ಗೆರೆ.
ಹತ್ತರ ನಾಣ್ಯ ಎರಡು ಎಣಿಸಿ ಕೊಡುತ್ತೇನೆ.
ಸೊಂಟದ ಚೀಲದಿಂದ ರಾತ್ರಿ ಅದನ್ನೂ ಕದಿಯಬೇಕು, ನಾಳೆಗೆ.

ನಿನ್ನೆ ಒಂದು ನಾಣ್ಯ ನನ್ನ ಅಂಗೈಗೇ ಒತ್ತಿ,
ಯಾರಾದರೂ ಇದ್ದಾರಾ ಅಂತ ಅತ್ತಿತ್ತ ನೋಡಿ,
"ಕತ್ತಲಾಯ್ತು, ಮನೆಗೆ ಹೊರಡಿ ರೈಟ್ರೇ.
ನಿಮ್ಮ ಹೆಂಗಸಿಗೆ ಏನಾದ್ರೂ ತಗೊಂಡು ಹೋಗಿ.
ಕಾಯ್ತಾ ಇರ್ತದೆ ಪಾಪ."

ಹೊರಟೆ. ಬಾಗಿಲು ಬರೀ ಎಳೆದುಕೊಂಡು,
ಬೀದಿ ತಿರುವಿನ ಗಾಡಿಯ ತನಕ ಓಡುನಡಿಗೆಯಲ್ಲಿ ಹೋಗಿ
ಹತ್ತು ರೂಪಾಯಿಯ ಖಾರಕಡಲೆ ಕಟ್ಟಿಸಿಕೊಂಡು ಬಂದು
ನನ್ನದೇ ಬಾಗಿಲು ತಟ್ಟಿದೆ.

ಒಳಗೆ, ಹಳೆಯ ಚಿಲಕ ಇದ್ದ ಜಾಗದಲ್ಲಿ,
ಮೇಲೆ,
ಬೆರಳುಗಳು ತಡಕುವ ಸದ್ದು.